ನನ್ನದು, ನಿನ್ನದು

‘ಈ ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಲೇ?’ ಎಂದು ಪರದೆ ಕೇಳಿತು. ಲಿಫ್ಟ್ ಇನ್ಸ್‌ಪೆಕ್ಟರರು ಕನ್ನಡಕ ಸರಿಮಾಡಿಕೊಂಡು, ಯಂತ್ರಗಳು ತಮ್ಮನ್ನು ಅನುಮಾನಿಸುವುದು ಇದೇನು ಮೊದಲಲ್ಲ ಎಂಬ ಗತ್ತಿನಲ್ಲಿ ‘ಹೌದು’ ಒತ್ತಿದರು.

ಭಾನುವಾರ ಬೆಳಿಗ್ಗೆ ಹತ್ತೂವರೆ. ಹೆಂಡತಿ ತಂಗಿಯ ಮನೆಗೆ ಹೋಗಿದ್ದರು. ಊಟದ ಮೇಜಿನ ಮೇಲೆ ಕಂಪ್ಯೂಟರಿನ ಡಬ್ಬ ಬಾಯಿ ತೆರೆದುಕೊಂಡು ಕೂತಿತ್ತು.

ಆ ಡಬ್ಬದಲ್ಲಿ ಹೆಂಡತಿಯ ಆರು ವರ್ಷವಿತ್ತು. ಆಕೆ ಅನುವಾದಕಿ. ನರ್ಸಿಂಗ್ ಓದುವವರಿಗೆಂದು ದಪ್ಪನೆಯ ಪಠ್ಯಪುಸ್ತಕವೊಂದನ್ನು ಅನುವಾದಿಸುತ್ತಿದ್ದರು. ಹತ್ತೊಂಬತ್ತು ಅಧ್ಯಾಯ ಮುಗಿದಿತ್ತು. ಇಪ್ಪತ್ತನೆಯದನ್ನೂ ಮುಗಿಸಿ ಬುಧವಾರ ಒಪ್ಪಿಸಬೇಕಿತ್ತು. ಇನ್ನೊಂದು ಪ್ರತಿ ಬೇರೆಲ್ಲಾದರೂ ಇಟ್ಟಿರಲೇ ಎಂದು ಆಕೆ ಹಿಂದೊಮ್ಮೆ ಕೇಳಿದ್ದುಂಟು. ನಾನಿಲ್ಲವೇ ಎಂದು ಇವರು ಎದೆ ತಟ್ಟಿಕೊಂಡಿದ್ದರು.

ಹೊಸ ಆಪರೇಟಿಂಗ್ ಸಿಸ್ಟಂ ಬೇಕೆಂಬ ಚಪಲ ಇವರದು. ಆಕೆಗೆ ಹಳೆಯದೇ ಸಾಕು. ತಿಂಗಳುಗಟ್ಟಲೆ ಎಳೆದಾಡಿ ಒಂದು ಒಪ್ಪಂದಕ್ಕೆ ಬಂದರು: ಒಂದೇ ಡಬ್ಬದಲ್ಲಿ ಎರಡು ಹಾರ್ಡ್ ಡಿಸ್ಕ್. ಒಂದರಲ್ಲಿ ಆಕೆಯ ಹಳೆಯ ಸಿಸ್ಟಂ, ಇನ್ನೊಂದರಲ್ಲಿ ಇವರ ಹೊಸದು. ಕಂಪ್ಯೂಟರ್ ಹಾಕಿದಾಗ ಬೇಕಾದದ್ದನ್ನು ಆರಿಸಿಕೊಳ್ಳುವುದು. ಒಬ್ಬರ ತಂಟೆಗೆ ಇನ್ನೊಬ್ಬರು ಹೋಗುವಂತಿಲ್ಲ. ಅದಕ್ಕೆ ಇವರು ಓದಿಕೊಂಡಿದ್ದ ಉಪಾಯ ಸರಳವಾಗಿತ್ತು. ಹೊಸದನ್ನು ಹಾಕುವಾಗ ಹಳೆಯ ಡಿಸ್ಕ್‌ನ ವೈರುಗಳನ್ನು ಬಿಚ್ಚಿಟ್ಟರಾಯಿತು. ಯಂತ್ರಕ್ಕೇ ಕಾಣದ ಡಿಸ್ಕನ್ನು ಅಳಿಸಲು ಯಾವ ಮೂರ್ಖನಿಂದಲೂ ಆಗದು.

ತೊಂದರೆಯೆಂದರೆ ಡಿಸ್ಕ್‌ಗಳೆರಡೂ ಅವಳಿ ಜವಳಿ. ಜೋಡಿ ಚೆನ್ನಾಗಿರುತ್ತದೆಂದು ಇವರೇ ಹುಡುಕಿ ಅದೇ ಕಂಪನಿಯದನ್ನು ತಂದಿದ್ದರು. ಆದ್ದರಿಂದ ಚೀಟಿ ಅಂಟಿಸಲೇಬೇಕು ಎಂದರು. ಚೀಟಿ ನೋಡದೆ ಲಿಫ್ಟಿನ ಸ್ವಿಚ್ ಮುಟ್ಟಬಾರದು, ಚೀಟಿಯೆಂದರೆ ಅದನ್ನು ಬರೆದವರ ಮಾತು ಎಂದು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಇವರು ಭಾಷಣ ಬಿಗಿಯುತ್ತಿದ್ದರು. ಆದರೆ ತಮ್ಮ ಅಕ್ಷರ ತಮಗೇ ಓದಲು ಬಾರದ್ದರಿಂದ ಬರೆಯುವ ಕೆಲಸ ಹೆಂಡತಿಯ ಪಾಲಿಗೆ ಬಿತ್ತು.

ಶನಿವಾರ ಸಂಜೆ ಆಕೆ ಪೆನ್ನು ಹಿಡಿದು ಒಂದು ಕ್ಷಣ ಯೋಚಿಸಿದ್ದರು.

“ಇದನ್ನ ಓದೋರು ನೀವೇ ತಾನೇ?”

“ಮತ್ಯಾರು? ನೀನು ಬರ್ದು ಅಂಟಿಸು, ಮಿಕ್ಕಿದ್ದು ನನಗೆ ಬಿಡು.”

‘ನನ್ನದು’ ಎಂದು ಒಂದು, ‘ನಿನ್ನದು’ ಎಂದು ಇನ್ನೊಂದು. ಮುತ್ತಿನಂಥ ಅಕ್ಷರ. ಆಕೆ ಅಂಟಿಸಿ ಎದ್ದು ಹೋದ ಮೇಲೆ ಇವರು ಬಟ್ಟೆ ತಂದು ಹಳೆಯ ಡಿಸ್ಕ್‌ನ ಧೂಳನ್ನೆಲ್ಲ ಒರೆಸಿ ಹೊಸದರಂತೆ ಹೊಳೆಸಿದರು. ಇದ್ದ ಒಂದು ಗುರುತೂ ಹೋಯಿತು.

ಭಾನುವಾರ ಬೆಳಿಗ್ಗೆ ‘ನಿನ್ನದು’ ಎಂದಿದ್ದ ಡಿಸ್ಕ್‌ನ ಎರಡೂ ವೈರು, ಮಾಹಿತಿಯದನ್ನೂ ಕರೆಂಟಿನದನ್ನೂ, ಬಿಚ್ಚಿ, ‘ನನ್ನದು’ ಎಂದಿದ್ದುದರಲ್ಲಿ ಹೊಸ ಸಿಸ್ಟಂ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸಾಂಗವಾಗಿ ಮುಗಿಯಿತು. ತಮ್ಮ ಬೆನ್ನು ತಾವೇ ತಟ್ಟಿಕೊಂಡು, ಬಿಚ್ಚಿದ್ದ ಡಿಸ್ಕ್‌ಗೆ ವೈರು ಸಿಗಿಸಿ ಕಂಪ್ಯೂಟರ್ ಹಾಕಿದರು.

ಪರದೆಯ ಮೇಲೆ ಒಂದೇ ಡಿಸ್ಕ್ ಕಾಣಿಸಿತು. ಹೊಸ ಸಿಸ್ಟಂ ಇದ್ದದ್ದು. ಕಂಪ್ಯೂಟರ್ ಆಫ್ ಮಾಡಿ ಮತ್ತೆ ಹಾಕಿದರು. ಮತ್ತೆ ಅದೇ.

ಆಗ ಕಣ್ಣು ಚೀಟಿಯತ್ತ ಹೋಯಿತು. ‘ನನ್ನದು’. ಅಕ್ಷರ ಹೆಂಡತಿಯದು. ಚೀಟಿಯೆಂದರೆ ಬರೆದವರ ಮಾತು. ಆಕೆ ‘ನನ್ನದು’ ಎಂದು ಬರೆದರೆ ಅದು ಆಕೆಯದೇ ತಾನೆ? ಅಂದರೆ ತಾವು ಅಳಿಸಿದ್ದು ಆಕೆಯ ಆರು ವರ್ಷವನ್ನು! ಹಾಗಾದರೆ ಉಳಿದ ಡಿಸ್ಕ್ ಏಕೆ ಕಾಣುತ್ತಿಲ್ಲ? ಖಾಲಿ ಡಿಸ್ಕ್‌ನಲ್ಲಿ ಕಾಣುವುದಕ್ಕೆ ಏನಿದೆ ಎಂದು ಉತ್ತರವನ್ನೂ ತಾವೇ ಕೊಟ್ಟುಕೊಂಡರು. ಬುದ್ಧಿವಂತರಿಗೆ ಇಂಥ ಉತ್ತರಗಳು ಬೇಗ ಹೊಳೆಯುತ್ತವೆ. ಈ ಕಥೆ ಹೇಳುವವನಿಗೂ ಎಷ್ಟೋ ಸಲ ಹೊಳೆದಿವೆ.

ರಿಪೇರಿ ಅಂಗಡಿಯವನಿಗೆ ಫೋನ್ ಮಾಡಿದರು. ಅಳಿಸಿದ ಜಾಗದಲ್ಲೇ ಹೊಸದನ್ನು ತುಂಬಿದ್ದರೆ ಆಸೆ ಇಟ್ಟುಕೊಳ್ಳಬೇಡಿ ಎಂದ ಅವನು, ಹೀಗೆ ಮಾಡಿದ ಪುಣ್ಯಾತ್ಮ ಯಾರೆಂದೂ ವಿಚಾರಿಸಿದ. ಪಕ್ಕದ ಮನೆಯವರು ಎಂದರು ಇವರು.

ಫೋನಿಟ್ಟು ಆಕೆಯ ಕುರ್ಚಿಯಲ್ಲಿ ಕೂತರು. ಒಂದು ಪದಕ್ಕಾಗಿ ಆಕೆ ವಾರಗಟ್ಟಲೆ ತಲೆ ಕೆಡಿಸಿಕೊಂಡದ್ದು, ‘ಉಬ್ಬಸ’ ಸಾಕೋ ‘ಏದುಸಿರು’ ಬೇಕೋ ಎಂದು ಅನ್ನಕ್ಕೆ ಕೈಯಿಟ್ಟ ತಮ್ಮನ್ನು ತಡೆದು ಕೇಳಿದ್ದು ನೆನಪಾಯಿತು. ಎರಡೂ ಒಂದೇ ಅಲ್ಲವೇ ಎಂದು ಇವರು ಗದರಿದ್ದೂ ನೆನಪಾಯಿತು. ಐವತ್ತರ ಗಂಡಸು ಬಿಕ್ಕಿ ಬಿಕ್ಕಿ ಅತ್ತರು. ನಾಚಿಕೆ ಅರ್ಧ, ದುಃಖ ಅರ್ಧ.

ನಾಲ್ಕು ಗಂಟೆಗೆ ಹೆಂಡತಿ ಬಂದರು. ಆಕೆ ಚೀಲ ಇಳಿಸುವ ಮೊದಲೇ ಇವರು ಎದ್ದು ನಿಂತರು. ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

“ನಿನ್ನ ಪುಸ್ತಕ ಅಳಿಸಿಬಿಟ್ಟೆ ಕಣೇ. ‘ನನ್ನದು’ ಅಂತ ಇತ್ತು, ನನ್ನದು ಅಂದ್ಕೊಂಡೆ. ನನ್ನಂಥ ದಡ್ಡ ಇನ್ನೊಬ್ಬ ಇಲ್ಲ.”

ಮೊದಲ ಮಾತಿಗೆ ಆಕೆಯ ಮುಖ ಬಿಳುಚಿತು. ಎರಡನೆಯದಕ್ಕೆ ಹುಬ್ಬು ಮೇಲೇರಿತು. ಮೂರನೆಯದಕ್ಕೆ ಆಕೆ ಎದುರಾಡಲಿಲ್ಲ. ಡಬ್ಬದೊಳಗೆ ಬಗ್ಗಿ ನೋಡಿ, ಮೂಲೆಯಲ್ಲಿ ನೇತಾಡುತ್ತಿದ್ದುದನ್ನು ಎತ್ತಿ ಹಿಡಿದರು.

“ಮೊದಲು ಈ ಇನ್ನೊಂದು ವೈರು ಸಿಗಿಸಿ.”

ಅದು ಖಾಲಿ ಡಿಸ್ಕ್, ಅದಕ್ಕೇಕೆ ಕರೆಂಟು ಎಂದು ಇವರು ಗೊಣಗಿದರು. ಆಕೆ ‘ನಿನ್ನದು’ ಎಂಬ ಚೀಟಿಯ ಮೇಲೆ ಬೆರಳಿಟ್ಟರು.

“ಓದೋರು ನೀವು ಅಂತ ನಿಮ್ಮ ಮಾತಲ್ಲೇ ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಯಾವತ್ತಾದ್ರೂ ನಿಮ್ಮನ್ನ ‘ನೀನು’ ಅಂದಿದ್ದೀನಾ?”