ಕೌದಿಯ ಹೊಟ್ಟೆಯೊಳಗಿನ ಕುಂಚಿಗಿ

ಟ್ರಂಕು ತೆರೆದಾಗ ಡಾಂಬರು ಗುಳಿಗೆಯ ವಾಸನೆ ಬಂದರೆ ಇಂದಿಗೂ ನನಗೆ ನಮ್ಮೂರು ಅಗರಖೇಡದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಇನ್ನೂ ಸಣ್ಣವಳು. ಹೆರಿಗೆಗೆಂದು ತವರಿಗೆ ಬಂದಿದ್ದ ನಮ್ಮ ಸೋದರತ್ತೆಗೆ ಹುಟ್ಟಲಿರುವ ಕೂಸಿಗಾಗಿ ಆಯಿ, ಅಪ್ಪನ ತಾಯಿ, ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಅಪ್ಪನ ಹಳೆಯ ಅಂಗಿ, ಅವ್ವನ ಕುಪ್ಪಸ, ಇಳಕಲ್ ಸೀರೆಯ ಸೆರಗು ಎಲ್ಲವೂ ಅಂಗೈಯಗಲದ ತುಂಡುಗಳಾಗಿದ್ದವು. ಒಂದೊಂದನ್ನೂ ಬೆರಳಿನಿಂದ ತೀಡಿ, ಅದರ ಮಗ್ಗುಲಿಗೆ ಯಾವ ಬಣ್ಣ ಒಪ್ಪುತ್ತದೆಂದು ನೋಡಿ ನೋಡಿ ಜೋಡಿಸುತ್ತಿದ್ದಳು. ಅವಳಿಗೆ ಅವಸರವೆಂಬುದೇ ಇರಲಿಲ್ಲ.

ಅತ್ತೆ ಒಳಗೆ ಹೋಗಿ ಟ್ರಂಕಿನಿಂದ ಕೂಸಿನ ತಲೆಗೆ ಕಟ್ಟುವ ಕೆಂಪು ಕುಂಚಿಗಿಯೊಂದನ್ನು ತಂದಳು. ಅವಳ ಮೊದಲ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದಳು. ಆ ಕೂಸು ಹಾಕಿಕೊಂಡಿದ್ದ ಕುಂಚಿಗಿ ಅದು.

"ಇದನ್ನೂ ಹಾಕಬೇ," ಅಂದಳು ಆಯಿಗೆ.

ಅವ್ವ ಅಡುಗೆಮನೆಯಿಂದ ಓಡಿ ಬಂದಳು. "ಬ್ಯಾಡ್ರಿ. ಹುಟ್ಟೋ ಕೂಸಿಗೆ ಛಲೋ ಅಲ್ಲ."

ಆಯಿ ಕತ್ತರಿಯನ್ನು ಅತ್ತೆಯ ಕಡೆ ಸರಿಸಿದಳು. ಅತ್ತೆ ಅದನ್ನು ಹಿಡಿದು ಕೂತೇ ಇದ್ದಳು. ಕತ್ತರಿಸಲು ಅವಳಿಗೆ ಕೈ ಬರಲಿಲ್ಲ.

"ಕೊಡಿಲ್ಲಿ," ಎಂದು ಆಯಿ ಕುಂಚಿಗಿಯನ್ನು ಇಡಿಯಾಗಿಯೇ ಮಡಚಿ, ಕೌದಿಯ ನಡುವೆ ಎರಡು ಪದರಗಳ ಒಳಗೆ ಇಟ್ಟಳು. "ಕೌದಿ ಹೊಟ್ಟಿ ಖಾಲಿ ಇರಬಾರದವ್ವ. ಅಕ್ಕನ ಜೋಡಿ ಮಲಗಿದ್ರ ಕೂಸಿಗೆ ಕೆಟ್ಟ ಹೆಂಗ ಆಗ್ತೈತಿ?"

ಅದರ ಮೇಲೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದಳು. ಆಮೇಲೆ ಅವ್ವ ಇನ್ನೊಂದು ಸೂಜಿಗೆ ದಾರ ಪೋಣಿಸಿಕೊಂಡು ಅತ್ತೆಯ ಮಗ್ಗುಲಿಗೆ ಬಂದು ಕೂತಳು.