ನೆತ್ತಿ ಮುಟ್ಟಿದ ಕೈ

ಕ್ಯಾನ್ಸರ್ ಎಂದು ಅವಳ ಎಡ ಸ್ತನ ತೆಗೆದಿದ್ದರು. ಮನೆಗೆ ಕಳುಹಿಸುವಾಗ ನರ್ಸ್ ಹೇಳಿದ್ದಳು, "ಆ ಕಡೆ ಕೈಯಲ್ಲೇ ತಲೆ ಬಾಚ್ಕೊಳ್ಳಿ. ಇಲ್ಲಾಂದ್ರೆ ಭುಜ ಹಿಡ್ಕೊಂಡುಬಿಡುತ್ತೆ."

ಕೈ ಕಿವಿಯವರೆಗೆ ಏರುತ್ತಿತ್ತು, ನೆತ್ತಿ ಮುಟ್ಟುತ್ತಿರಲಿಲ್ಲ. ಕೀಮೋ ಶುರುವಾದ ಮೇಲೆ ಅತ್ತೆ ಬಾಚಣಿಗೆಯನ್ನೇ ಕಿತ್ತುಕೊಂಡರು. ತಲೆ ಬಾಚುವುದೂ ಅವರೇ, ಬೆಳಗಾದರೆ ದಿಂಬು ಕೊಡವುವುದೂ ಅವರೇ.

"ಇವತ್ತು ನಾನೇ ಬಾಚ್ಕೋತೀನಿ, ಕೊಡಿ."

"ನಾಳೆ ಬಾಚ್ಕೊಂಡ್ರಾಯ್ತು, ಬಿಡೇ."

"ನನ್ನ ಕೈ ಹೀಗೇ ಇದ್ದುಬಿಡ್ಲಿ ಅಂತಾನಾ ನಿಮಗೆ?"

ಅತ್ತೆ ಬಾಚಣಿಗೆ ಕೊಟ್ಟು ಮುಖ ತಿರುಗಿಸಿದರು.

ಅವಳು ಹಲ್ಲು ಕಚ್ಚಿ ಕೈ ಎತ್ತಿದಳು. ನೆತ್ತಿ ಸಿಕ್ಕಿತು.

"ನೋಡಿ ಅತ್ತೆ, ಮುಟ್ಟಿತು!" ಎನ್ನುತ್ತ ಬಾಚಣಿಗೆಯನ್ನು ಕೆಳಗೆಳೆದಳು.

ಅದರ ಜೊತೆಗೇ ಹಿಡಿ ಕೂದಲು ಕಿತ್ತು ಬಂತು. ಅತ್ತೆ ಅದನ್ನು ತೆಗೆದುಕೊಂಡು, ದಿನಾ ಕಟ್ಟುವಂತೆ, ಸೆರಗಿನ ತುದಿಯಲ್ಲಿ ಗಂಟು ಕಟ್ಟಿದರು.