ವರ್ಷದ ಹೆಜ್ಜೆ

ಊರಿಗೆಲ್ಲ ಕಾಲ ದಿನದಿನವೂ ನಡೆದರೆ, ನಿಂಗವ್ವನಿಗೆ ವರ್ಷಕ್ಕೊಂದೇ ಹೆಜ್ಜೆ. ನಾಗರ ಪಂಚಮಿಯ ಬೆಳಿಗ್ಗೆ ಒಮ್ಮೆ ಅಲುಗಾಡಿ ಒಂದು ಮಾತಾಡುತ್ತಾಳೆ. ಉಳಿದ ದಿನವೆಲ್ಲ ಒಲೆಯ ಮುಂದೆ ಕಲ್ಲು. ನಡುವಿನ ವರ್ಷ ಅವಳಿಗೆ ಗೊತ್ತೇ ಆಗುವುದಿಲ್ಲ. ಇಂಥವರು ಓಣಿಯಲ್ಲಿ ಮನೆಗೊಬ್ಬರಿದ್ದಾರೆ. ಅವರಿಗೆ ಗಾಬರಿಯಾಗಬಾರದೆಂದು ಆ ದಿನ ಮನೆಮಂದಿ ಹಳೆಯ ಬಟ್ಟೆ ತೊಟ್ಟು ಹಳೆಯ ಜಾಗದಲ್ಲೇ ನಿಲ್ಲುವುದು ರೂಢಿ.

ಗಂಡ ಫಕೀರಪ್ಪ ಕೂದಲಿಗೆ ಕಪ್ಪು ಬಳಿದುಕೊಂಡ. ಮಗಳು ಗೌರವ್ವ ಏಳು ವರ್ಷದವಳಿದ್ದಾಗ ತೊಡುತ್ತಿದ್ದ ಹಸಿರು ಲಂಗವನ್ನು ಈಗ ಗೌರವ್ವನ ಮಗಳು ತೊಟ್ಟು ನಿಂತಳು. ಮೂವತ್ತು ದಾಟಿದ ಗೌರವ್ವ ಬಾಗಿಲ ಹಿಂದೆ ಅಡಗಿದಳು. ತಡೆಯಲಾರದೆ ಇಣುಕಿಯೇಬಿಟ್ಟಳು.

ನಿಂಗವ್ವನ ಕಣ್ಣು ಅತ್ತ ಹೊರಳಿತು. "ಯಾರಿಕಿ?" ಎಂದು ಕೇಳಿ ಕಲ್ಲಾದಳು.

"ಬರೋ ಪಂಚಮಿಗೆ ಉತ್ತರ ಹೇಳಬೇಕಲ್ಲ," ಎಂದ ಫಕೀರಪ್ಪ. "ಕೆಲಸದಾಕಿ ಅನ್ನು."

"ಮಗಳು ಅಂದರ, ಅಪ್ಪಾ?"

"ಆಕಿ ಎದಿ ಒಡೀತದ."

ಇಡೀ ವರ್ಷ ಗೌರವ್ವ ಎರಡು ಉತ್ತರಗಳನ್ನೂ ಬಾಯಿಪಾಠ ಮಾಡಿದಳು. ಪಂಚಮಿ ಬಂದಾಗ ಕಸಬರಿಗೆ ಹಿಡಿದು ಮುಂದೆ ಬಂದು, "ಕೆಲಸದಾಕಿರೀ, ಅವ್ವಾರ," ಎಂದಳು.

ನಿಂಗವ್ವ ಹಸಿರು ಲಂಗದ ಮೊಮ್ಮಗಳ ತಲೆ ಸವರಿ ಹೇಳಿದಳು:

"ಗೌರಾ, ಆಕೀನ ಮುಟ್ಟಬ್ಯಾಡ."